ಕೋಟೆ ಕೆಡವಿ ಉದ್ಯಾನ ಬೆಳೆಸಿದ ಮೇಯರ್ ಕೊನ್ರಾಡ್ ಅಡೆನಾವರ್

ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ ಜರ್ಮನಿಯನ್ನು ಮತ್ತೆ ತಲೆಯೆತ್ತಿ ನಿಲ್ಲುವಂತೆ ಮಾಡಿದ ಮುತ್ಸದ್ದಿ ಎಂದೇ ಜಗತ್ತು ಕೊನ್ರಾಡ್ ಅಡೆನಾವರ್ ಅವರನ್ನು ಸ್ಮರಿಸುತ್ತದೆ. 1949ರಿಂದ 1963ರವರೆಗೆ ಹದಿನಾಲ್ಕು ವರ್ಷ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ಅವರ ಹೆಸರು ಇತಿಹಾಸದ ಪಠ್ಯಪುಸ್ತಕಗಳಲ್ಲಿ ಸ್ಥಿರವಾಗಿದೆ. ಆದರೆ ರೈನ್ ನದಿಯ ದಂಡೆಯಲ್ಲಿರುವ ಅವರ ಹುಟ್ಟೂರು ಕಲೋನ್ ನಗರದಲ್ಲಿ ಅವರ ಸ್ಮಾರಕ ಬೇರೆಯೇ ರೂಪದಲ್ಲಿದೆ. ಅದು ನಗರವನ್ನು ಬಳಸಿಕೊಂಡು ಸಾಗುವ ಹುಲ್ಲುಗಾವಲು, ಕೆರೆ, ಕಾಡುಗಳ ಹಸಿರು ಪಟ್ಟಿ. ಒಂದು ಕಾಲಕ್ಕೆ ಫಿರಂಗಿ, ಕಂದಕ, ಮದ್ದಿನ ಮನೆಗಳಿಗೆ ಮೀಸಲಾಗಿದ್ದ ಆ ನೆಲ ಜನಸಾಮಾನ್ಯರ ಪಾಲಾದದ್ದು ತಾನಾಗಿಯೇ ಅಲ್ಲ. ಅದರ ಹಿಂದೆ ಒಬ್ಬ ಹಟವಾದಿ ಮೇಯರ್‌ನ ದೀರ್ಘ ಹೋರಾಟವಿದೆ. ಆ ಹಟಕ್ಕೆ ಅವರು ತೆತ್ತ ಬೆಲೆಯೂ ಕಡಿಮೆಯದಲ್ಲ.

ಗೋಡೆಗಳ ನಡುವೆ ಬಾಲ್ಯ

ಅಡೆನಾವರ್ ಜನಿಸಿದ್ದು 1876ರ ಜನವರಿ 5ರಂದು. ತಂದೆ ನ್ಯಾಯಾಲಯದಲ್ಲಿ ಗುಮಾಸ್ತರು. ಹಿಂದೆ ಸೈನಿಕರಾಗಿದ್ದು 1866ರ ಕೋನಿಗ್ರೇಟ್ಸ್ ಕದನದಲ್ಲಿ ಪಾಲ್ಗೊಂಡವರು. ಮನೆಯಲ್ಲಿ ಬಡತನವಿಲ್ಲದಿದ್ದರೂ ಕೈ ಬಿಗಿಹಿಡಿದೇ ಸಂಸಾರ ಸಾಗಬೇಕಿತ್ತು. ಶಿಸ್ತು, ಮಿತವ್ಯಯ, ಕ್ಯಾಥೊಲಿಕ್ ಶ್ರದ್ಧೆ ಇವು ಆ ಮನೆಯ ಆಸ್ತಿಗಳಾಗಿದ್ದವು.

ಆಗಿನ ಕಲೋನ್ ಹೆಸರಿಗೆ ನಗರ, ವಾಸ್ತವದಲ್ಲಿ ಕೋಟೆ. 1180ರಿಂದ ಕಟ್ಟಲಾರಂಭಿಸಿದ ಮಧ್ಯಯುಗದ ಗೋಡೆ ಏಳು ಶತಮಾನಗಳ ಕಾಲ ಊರನ್ನು ಸುತ್ತುವರಿದಿತ್ತು. 1815ರಲ್ಲಿ ಪ್ರಷ್ಯಾದ ವಶಕ್ಕೆ ಬಂದ ಮೇಲೆ ಫ್ರಾನ್ಸಿನ ಭೀತಿಯಿಂದ ನಗರವನ್ನು ಇನ್ನಷ್ಟು ಭದ್ರಪಡಿಸಲಾಯಿತು. ಗೋಡೆಯಾಚೆಗಿನ ಬಯಲಿನಲ್ಲಿ ಮನೆ ಕಟ್ಟುವಂತಿರಲಿಲ್ಲ. ಶತ್ರು ಬಂದರೆ ಫಿರಂಗಿಗಳಿಗೆ ಗುರಿ ನಿಚ್ಚಳವಾಗಿ ಕಾಣಬೇಕೆಂಬುದು ಸೇನೆಯ ನಿಯಮವಾಗಿತ್ತು. ಕೈಗಾರಿಕೆ ಬೆಳೆದಂತೆ ಜನಸಂಖ್ಯೆ ಏರಿತು, ಆದರೆ ಊರು ಹಿಗ್ಗಲಿಲ್ಲ. ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಕುಟುಂಬಗಳು ಬದುಕು ಸಾಗಿಸಬೇಕಾಯಿತು.

ಅಡೆನಾವರ್ ಐದು ವರ್ಷದ ಬಾಲಕನಾಗಿದ್ದಾಗ, 1881ರಲ್ಲಿ, ಆ ಹಳೆಯ ಗೋಡೆ ಉರುಳಿತು. ನಗರಾಡಳಿತ ಸೇನೆಗೆ ಭಾರಿ ಮೊತ್ತ ತೆತ್ತು ಗೋಡೆಯ ನೆಲವನ್ನು ಖರೀದಿಸಿತ್ತು. ತೆತ್ತ ಹಣ ಮರಳಬೇಕಾದರೆ ನಿವೇಶನಗಳನ್ನು ಮಾರದೆ ಗತ್ಯಂತರವಿರಲಿಲ್ಲ. ವಾಸ್ತುಶಿಲ್ಪಿ ಯೋಸೆಫ್ ಸ್ಟುಬನ್ ಅವರ ಯೋಜನೆಯಂತೆ ಗೋಡೆಯಿದ್ದ ಜಾಗದಲ್ಲಿ ವಿಶಾಲ ವರ್ತುಲ ರಸ್ತೆಗಳು, ಅವುಗಳ ಆಚೆ ಹೊಸ ಬಡಾವಣೆಗಳು ತಲೆಯೆತ್ತಿದವು. ಮೂರು ನಾಲ್ಕು ಹೆಬ್ಬಾಗಿಲುಗಳು ನೆನಪಿಗಾಗಿ ಉಳಿದವು. ಒಂದೆರಡು ಉದ್ಯಾನಗಳು ರೂಪುಗೊಂಡವು. ಉಳಿದಂತೆ ಕಲ್ಲಿನ ಗೋಡೆ ಹೋದ ಜಾಗವನ್ನು ಇಟ್ಟಿಗೆಯ ಕಟ್ಟಡಗಳು ಆಕ್ರಮಿಸಿದವು. ಕೋಟೆ ಬಿದ್ದ ಮಾತ್ರಕ್ಕೆ ನೆಲ ಜನರದಾಗುವುದಿಲ್ಲ ಎಂಬ ಪಾಠ ಅಲ್ಲಿತ್ತು. ಮುಂದೆ ಅದನ್ನು ಸರಿಯಾಗಿ ಕಲಿತವರು ಅಡೆನಾವರ್.

ಬರಗಾಲದ ಅಧಿಕಾರಿ

ಫ್ರೈಬರ್ಗ್, ಮ್ಯೂನಿಕ್ ಮತ್ತು ಬಾನ್‌ಗಳಲ್ಲಿ ಕಾನೂನು ವ್ಯಾಸಂಗ ಮುಗಿಸಿದ ಅಡೆನಾವರ್ 1904ರಲ್ಲಿ ಎಮ್ಮಾ ವೇಯರ್ ಅವರನ್ನು ವಿವಾಹವಾದರು. 1906ರಲ್ಲಿ ಕಲೋನ್ ನಗರಾಡಳಿತದ ಪದಾಧಿಕಾರಿಯಾಗಿ ಆಯ್ಕೆಯಾದರು. ಮೂರೇ ವರ್ಷಗಳಲ್ಲಿ ಮೇಯರ್‌ನ ನಂತರದ ಸ್ಥಾನಕ್ಕೇರಿದರು.

ಮೊದಲ ಮಹಾಯುದ್ಧ ಅವರ ಸಾಮರ್ಥ್ಯವನ್ನು ಒರೆಗೆ ಹಚ್ಚಿತು. ಯುದ್ಧಕಾಲದಲ್ಲಿ ನಗರದ ಆಹಾರ ಪೂರೈಕೆಯ ಹೊಣೆ ಅವರ ಹೆಗಲೇರಿತು. ಗೋಧಿ ಸಿಗದಾದಾಗ ಮೆಕ್ಕೆಜೋಳ, ಬಾರ್ಲಿ ಮತ್ತು ಅಕ್ಕಿಹಿಟ್ಟು ಬೆರೆಸಿ ಬ್ರೆಡ್ ತಯಾರಿಸುವ ವಿಧಾನವನ್ನು ರೂಪಿಸಿ ಅದಕ್ಕೆ ಪೇಟೆಂಟ್ ಕೂಡ ಪಡೆದರು. ರುಚಿಯಿಲ್ಲದ ಆ ಬ್ರೆಡ್ಡನ್ನು ಜನ ಗೊಣಗುತ್ತಲೇ ತಿಂದರು. ಬಾರ್ಲಿಯನ್ನು ಅವರ ಹೆಸರಿಗೆ ತಳುಕುಹಾಕಿ ಅಡ್ಡಹೆಸರನ್ನೂ ಇಟ್ಟರು. ಆದರೂ ನಗರ ಹಸಿವಿನಿಂದ ಪಾರಾಗಲು ಆತನೇ ಆಸರೆ ಎಂಬುದನ್ನು ಬಲ್ಲವರು ಬಲ್ಲರು.

ಇದೇ ಅವಧಿಯಲ್ಲಿ ವೈಯಕ್ತಿಕ ಆಘಾತಗಳು ಒಂದರ ಮೇಲೊಂದು ಬಂದೆರಗಿದವು. 1916ರ ಅಕ್ಟೋಬರ್ 6ರಂದು, ದೀರ್ಘ ಅನಾರೋಗ್ಯದ ಬಳಿಕ, ಪತ್ನಿ ಎಮ್ಮಾ ಮೂವರು ಮಕ್ಕಳನ್ನು ಬಿಟ್ಟು ತೀರಿಕೊಂಡರು. 1917ರ ಮಾರ್ಚ್‌ನಲ್ಲಿ ಅವರ ಕಾರು ಟ್ರಾಮ್‌ಗೆ ಡಿಕ್ಕಿ ಹೊಡೆದು ತಲೆ ಮತ್ತು ಮುಖಕ್ಕೆ ತೀವ್ರ ಗಾಯಗಳಾದವು. ಮುಂದೆ ವ್ಯಂಗ್ಯಚಿತ್ರಕಾರರಿಗೆ ಪ್ರಿಯವಾದ, ಉಬ್ಬಿದ ಕೆನ್ನೆಯ ಗಂಭೀರ ಮುಖಚಹರೆ ಆ ಅಪಘಾತದ ಕೊಡುಗೆ. ಅವರು ಚೇತರಿಸಿಕೊಳ್ಳುತ್ತಿದ್ದಾಗಲೇ ಮೇಯರ್ ಹುದ್ದೆ ತೆರವಾಯಿತು. ನಗರಸಭೆಯ ಪ್ರತಿನಿಧಿಗಳು ವಿಶ್ರಾಂತಿಧಾಮಕ್ಕೆ ತೆರಳಿ, ಮಾತುಕತೆಯ ನೆಪದಲ್ಲಿ ಅವರ ಬುದ್ಧಿಶಕ್ತಿ ಮೊದಲಿನಂತೆಯೇ ಇದೆಯೇ ಎಂದು ಪರೀಕ್ಷಿಸಿ ಬಂದರು. ಪರೀಕ್ಷೆಯಲ್ಲಿ ಅಡೆನಾವರ್ ಉತ್ತೀರ್ಣರಾದರು. 1917ರ ಸೆಪ್ಟೆಂಬರ್ 18ರಂದು, 41ನೇ ವಯಸ್ಸಿನಲ್ಲಿ, ಅವರು ಕಲೋನ್‌ನ ಮೇಯರ್ ಆಗಿ ಚುನಾಯಿತರಾದರು.

ಸೋಲಿನಲ್ಲಿ ಕಂಡ ಅವಕಾಶ

1918ರ ನವೆಂಬರ್‌ನಲ್ಲಿ ಜರ್ಮನಿ ಶರಣಾಯಿತು. ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಕಲೋನ್ ಪ್ರವೇಶಿಸಿತು. ಮರುವರ್ಷದ ವರ್ಸೈಲ್ಸ್ ಒಪ್ಪಂದ, ರೈನ್ ನದಿಯ ಪೂರ್ವಕ್ಕೆ 50 ಕಿಲೋಮೀಟರ್ ದೂರದಲ್ಲಿ ಎಳೆದ ಗೆರೆಯಿಂದ ಪಶ್ಚಿಮಕ್ಕಿದ್ದ ಎಲ್ಲ ಕೋಟೆಗಳನ್ನೂ ಕೆಡವಬೇಕೆಂದು ವಿಧಿಸಿತು. ದೇಶದ ಪಾಲಿಗೆ ಇದು ಅವಮಾನ. ಆದರೆ ಕಲೋನ್ ಮೇಯರ್ ಅದರಲ್ಲಿ ಹಲವು ತಲೆಮಾರುಗಳಿಗೊಮ್ಮೆ ಮಾತ್ರ ಒದಗುವ ಅವಕಾಶವೊಂದನ್ನು ಕಂಡರು.

1881ರಲ್ಲಿ ಉರುಳಿದ್ದು ಹಳೆಯ ಗೋಡೆ ಮಾತ್ರ. ಅದರಾಚೆ ಪ್ರಷ್ಯಾ ಸೇನೆ ಎರಡು ಹೊಸ ವರ್ತುಲಗಳನ್ನು ರಚಿಸಿತ್ತು. ಒಂದು, ಹೊಸ ಬಡಾವಣೆಗಳ ಅಂಚಿನಲ್ಲಿದ್ದ ಒಳ ವರ್ತುಲ. ಇನ್ನೊಂದು, 1873ರ ನಂತರ ಹೊರವಲಯದಲ್ಲಿ ಕಟ್ಟಿದ, ನದಿಯ ಎರಡೂ ದಂಡೆಗಳಲ್ಲಿ ಸೇರಿ ಸುಮಾರು 40 ಕಿಲೋಮೀಟರ್ ಸುತ್ತಳತೆಯ ಕೋಟೆಗಳ ಸಾಲು. ಇವುಗಳ ಮುಂದಿನ ಅಗಲವಾದ ಪಟ್ಟಿಯಲ್ಲಿ ಕಟ್ಟಡ ನಿರ್ಮಾಣಕ್ಕೆ ನಿರ್ಬಂಧವಿತ್ತು. ಯುದ್ಧಕ್ಕಾಗಿ ಖಾಲಿ ಉಳಿಸಿದ್ದ ಆ ಬಯಲು, ನಿರ್ಬಂಧ ತೆರವಾದ ಮರುಕ್ಷಣ ಚಿನ್ನದ ಬೆಲೆ ಬಾಳುವಂತಿತ್ತು.

ಸಮಸ್ಯೆಯ ತಿರುಳು ಇದ್ದದ್ದು ಇಲ್ಲಿಯೇ. ನೆಲದ ಬಹುಭಾಗ ಖಾಸಗಿಯವರದು, ಅದೂ ಸಣ್ಣ ಸಣ್ಣ ತುಂಡುಗಳಲ್ಲಿ ಹಂಚಿಹೋಗಿತ್ತು. ಸುಮ್ಮನಿದ್ದರೆ ಇನ್ನೊಂದು ಕಲ್ಲಿನ ಕಾಡು ಏಳುವುದು ನಿಶ್ಚಿತ. ಮಾರುಕಟ್ಟೆಯ ಬೆಲೆ ಕೊಟ್ಟು ಕೊಳ್ಳುವ ಶಕ್ತಿ ಸೋತ ದೇಶದ ನಗರಕ್ಕಿರಲಿಲ್ಲ. ಅಡೆನಾವರ್ ಕಾನೂನಿನ ಮೊರೆಹೋದರು. ಅವರ ಒತ್ತಾಯದ ಫಲವಾಗಿ 1920ರಲ್ಲಿ ಪ್ರಷ್ಯಾ ಸರ್ಕಾರ ಕಲೋನ್ ಕೋಟೆವಲಯದ ಭೂಮಿಗಾಗಿಯೇ ವಿಶೇಷ ಕಾಯ್ದೆಯೊಂದನ್ನು ತಂದಿತು. ಅದರಂತೆ ವಲಯದ ಜಮೀನುಗಳನ್ನೆಲ್ಲ ಒಟ್ಟುಗೂಡಿಸಿ ಮರುಹಂಚಿಕೆ ಮಾಡಲಾಯಿತು. ಮಾಲೀಕರು ತಮ್ಮ ಜಮೀನಿನ ಅರ್ಧದವರೆಗೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟುಕೊಡಬೇಕಾಯಿತು. ಇದರ ಹಿಂದಿನ ತರ್ಕ ಸರಳ. ಜಮೀನಿನ ಬೆಲೆ ಏರಿದ್ದು ಮಾಲೀಕನ ಶ್ರಮದಿಂದಲ್ಲ, ನಿರ್ಬಂಧ ತೆರವಾದದ್ದರಿಂದ. ಆ ಲಾಭದಲ್ಲಿ ಸಮಾಜಕ್ಕೂ ಪಾಲಿದೆ. ಮಾಲೀಕರು ಇದನ್ನು ಸುಲಿಗೆ ಎಂದು ಕರೆದದ್ದು ಸಹಜವೇ. ದಶಕಗಳ ಕಾಲ ಸೇನೆಯ ನಿರ್ಬಂಧದಿಂದ ನಷ್ಟ ಅನುಭವಿಸಿದ್ದ ಸಣ್ಣ ಹಿಡುವಳಿದಾರರ ಅಳಲಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಆದರೆ ಮೇಯರ್ ಹಿಂದೆ ಸರಿಯಲಿಲ್ಲ.

ಕೋಟೆಯ ಮೇಲೆ ಗುಲಾಬಿ

ಯೋಜನೆ ರೂಪಿಸಲು ಅಡೆನಾವರ್ ಹ್ಯಾಂಬರ್ಗ್ ನಗರದ ಖ್ಯಾತ ವಾಸ್ತುಶಿಲ್ಪಿ ಫ್ರಿಟ್ಸ್ ಶೂಮಾಕರ್ ಅವರನ್ನು ಕರೆತಂದರು. 1920ರಿಂದ 1923ರವರೆಗೆ ಶೂಮಾಕರ್ ಕಲೋನ್‌ನಲ್ಲಿದ್ದು ನಗರದ ಭವಿಷ್ಯದ ನಕ್ಷೆ ಬರೆದರು. ಒಳ ಮತ್ತು ಹೊರ ಎಂಬ ಎರಡು ಹಸಿರು ಪಟ್ಟಿಗಳು, ಬಂಡಿಯ ಗಾಲಿಯ ಅರಗಳಂತೆ ಅವೆರಡನ್ನೂ ಬೆಸೆಯುವ ಹಸಿರು ದಾರಿಗಳು, ಇದು ಆ ನಕ್ಷೆಯ ಸಾರ. ನಗರದ ಉದ್ಯಾನ ನಿರ್ದೇಶಕ ಫ್ರಿಟ್ಸ್ ಎಂಕೆ ಹಾಗೂ ಉದ್ಯಾನಶಿಲ್ಪಿ ಥಿಯೊಡೋರ್ ನುಸ್‌ಬೌಮ್ ಅದಕ್ಕೆ ಜೀವ ತುಂಬಿದರು.

ಮಿತ್ರರಾಷ್ಟ್ರಗಳ ಆದೇಶದಂತೆ ಕೋಟೆಗಳನ್ನು ಬುಡಸಮೇತ ಕಿತ್ತುಹಾಕಬೇಕಿತ್ತು. ಅಡೆನಾವರ್ ಮಾತುಕತೆ ನಡೆಸಿ, ಉದ್ಯಾನ ಹಾಗೂ ಕ್ರೀಡೆಗೆ ಬಳಸಿಕೊಳ್ಳುವ ಷರತ್ತಿನ ಮೇಲೆ ಕೆಲವು ಕೋಟೆಗಳ ಭಾಗಗಳನ್ನು ಉಳಿಸಿಕೊಂಡರು. ಸೈನಿಕರು ಪಹರೆ ಕಾಯುತ್ತಿದ್ದ ಹತ್ತನೇ ಸಂಖ್ಯೆಯ ಕೋಟೆಯ ಮೇಲೆ ಎಂಕೆ ಗುಲಾಬಿ ತೋಟ ನಿರ್ಮಿಸಿದರು. ಕಂದಕಗಳು ತಗ್ಗಿನ ಹುಲ್ಲುಹಾಸುಗಳಾದವು. ನಗರದ ಪಶ್ಚಿಮ ಮಗ್ಗುಲಲ್ಲಿ ಅರ್ಧವೃತ್ತಾಕಾರವಾಗಿ ಸುಮಾರು 7 ಕಿಲೋಮೀಟರ್ ಉದ್ದದ ಒಳ ಹಸಿರು ಪಟ್ಟಿ ರೂಪುತಳೆಯಿತು.

ಈ ಉದ್ಯಾನಗಳ ಸ್ವರೂಪವೂ ಗಮನಾರ್ಹ. ಹತ್ತೊಂಬತ್ತನೇ ಶತಮಾನದ ಉದ್ಯಾನಗಳಲ್ಲಿ ನಾಗರಿಕರು ಒಳ್ಳೆಯ ಉಡುಪು ತೊಟ್ಟು ಹಾದಿಯಲ್ಲಷ್ಟೇ ನಡೆಯಬೇಕು, ಹುಲ್ಲು ತುಳಿಯಬಾರದು ಎಂಬ ನಿಯಮವಿರುತ್ತಿತ್ತು. ಕಲೋನ್‌ನಲ್ಲಿ ಹುಲ್ಲೇ ಜನರಿಗಾಗಿ ಬೆಳೆಯಿತು. ಕಾರ್ಮಿಕರ ಮಕ್ಕಳು ಚೆಂಡಾಡಬೇಕು, ದುಡಿದು ದಣಿದವರು ಭಾನುವಾರ ಹುಲ್ಲಿನ ಮೇಲೆ ಮೈಚಾಚಬೇಕು ಎಂಬುದೇ ಅವುಗಳ ಉದ್ದೇಶವಾಗಿತ್ತು. ಊರಾಚೆ ವಿಹಾರಧಾಮಗಳಿಗೆ ಹೋಗುವ ಅನುಕೂಲವಿಲ್ಲದ ಬಡವನಿಗೆ ಮನೆಯ ಹತ್ತಿರದಲ್ಲೇ ಗಾಳಿ ಬೆಳಕು ಸಿಗಬೇಕೆಂಬುದನ್ನು ಅಡೆನಾವರ್ ಸೌಂದರ್ಯದ ಪ್ರಶ್ನೆಯಾಗಿ ನೋಡದೆ ಆರೋಗ್ಯದ ಪ್ರಶ್ನೆಯಾಗಿ ಪರಿಗಣಿಸಿದ್ದರು.

ಹೊರ ಹಸಿರು ಪಟ್ಟಿಯ ಕಾಮಗಾರಿ ಇಪ್ಪತ್ತರ ದಶಕದ ಉತ್ತರಾರ್ಧದಲ್ಲಿ ವೇಗ ಪಡೆಯಿತು. ನಿರುದ್ಯೋಗ ಪರಿಹಾರ ಯೋಜನೆಯಡಿ ಕೆಲಸವಿಲ್ಲದ ಸಾವಿರಾರು ಮಂದಿಗೆ ಇಲ್ಲಿ ಗುದ್ದಲಿ ಸಲಿಕೆ ನೀಡಲಾಯಿತು. ಕಾಡು ನೆಡಲಾಯಿತು, ಡೆಕ್‌ಸ್ಟೈನ್‌ನಂಥ ಕೆರೆಗಳನ್ನು ತೋಡಲಾಯಿತು. ಹಿಂದೆ ಸೈನಿಕರು ತಂಗುತ್ತಿದ್ದ ಕೋಟೆಯ ಅವಶೇಷಗಳ ಪಕ್ಕದಲ್ಲೇ ಜನ ದೋಣಿವಿಹಾರ ನಡೆಸಲಾರಂಭಿಸಿದರು. ನಗರವನ್ನು ಪೂರ್ತಿಯಾಗಿ ಸುತ್ತುವ ಉಂಗುರದ ಕನಸು ನನಸಾಗಲಿಲ್ಲ. ನದಿಯ ಎಡದಂಡೆಯಲ್ಲಿ ಅದರ ಮುಖ್ಯಭಾಗ ಸಿದ್ಧವಾಯಿತು, ಬಲದಂಡೆಯಲ್ಲಿ ತುಣುಕುಗಳು ಮಾತ್ರ.

ಇದರ ಜೊತೆಜೊತೆಗೆ 1919ರಲ್ಲಿ ವಿಶ್ವವಿದ್ಯಾಲಯದ ಪುನರಾರಂಭ, 1923ರಲ್ಲಿ ಮ್ಯೂಂಗರ್ಸ್‌ಡಾರ್ಫ್ ಕ್ರೀಡಾಂಗಣ, 1924ರಲ್ಲಿ ವಸ್ತುಪ್ರದರ್ಶನ ಕೇಂದ್ರ, 1929ರಲ್ಲಿ ಮ್ಯೂಲ್‌ಹೈಮ್ ಸೇತುವೆ, 1930ರಲ್ಲಿ ಫೋರ್ಡ್ ಕಾರ್ಖಾನೆಗೆ ಶಂಕುಸ್ಥಾಪನೆ, 1932ರಲ್ಲಿ ಬಾನ್‌ಗೆ ಮೋಟಾರು ಹೆದ್ದಾರಿ ಹೀಗೆ ಕಾಮಗಾರಿಗಳ ಸರಮಾಲೆಯೇ ನಡೆಯಿತು. ಒಳ ಪಟ್ಟಿಯ ಒಂದು ಭಾಗವನ್ನು ಸ್ವತಃ ಅಡೆನಾವರ್ ಅವರ ಆಡಳಿತವೇ ವಿಶ್ವವಿದ್ಯಾಲಯದ ಕಟ್ಟಡಕ್ಕೆ ನೀಡಿದ್ದೂ ಉಂಟು.

ಇಷ್ಟಕ್ಕೆಲ್ಲ ಹಣ ಬಂದದ್ದು ಬಹುಮಟ್ಟಿಗೆ ಸಾಲದಿಂದ. 1929ರ ಆರ್ಥಿಕ ಕುಸಿತ ಸಾಲದ ಹೊರೆಯನ್ನು ಅಸಹನೀಯವಾಗಿಸಿತು. ದುಂದುವೆಚ್ಚದ ಮೇಯರ್ ಎಂಬ ಆರೋಪ, ಅವರ ದೊಡ್ಡ ಸಂಬಳದ ಬಗ್ಗೆ ಕುಹಕ, ಎಲ್ಲರ ಮಾತು ಮೀರಿ ನಿರ್ಧಾರ ಕೈಗೊಳ್ಳುವ ಸ್ವಭಾವದ ಬಗ್ಗೆ ಅಸಮಾಧಾನ ಎಲ್ಲವೂ ಸೇರಿಕೊಂಡವು. ಈ ಟೀಕೆಗಳಲ್ಲಿ ಸತ್ಯಾಂಶವೂ ಇತ್ತು. ಅದನ್ನು ಬಂಡವಾಳ ಮಾಡಿಕೊಂಡವರು ನಾಜಿಗಳು.

ಪದಚ್ಯುತಿ ಮತ್ತು ಅಜ್ಞಾತವಾಸ

1933ರ ಫೆಬ್ರುವರಿಯಲ್ಲಿ ಹಿಟ್ಲರ್ ಚುನಾವಣಾ ಪ್ರಚಾರಕ್ಕೆ ಕಲೋನ್‌ಗೆ ಬಂದಾಗ ಮೇಯರ್ ಸ್ವಾಗತಕ್ಕೆ ಹೋಗಲಿಲ್ಲ. ನಗರದ ಸೇತುವೆಯ ಮೇಲೆ ಹಾರಿಸಿದ್ದ ಸ್ವಸ್ತಿಕ ಧ್ವಜಗಳನ್ನು ಇಳಿಸುವಂತೆ ಆದೇಶಿಸಿದರು. ಮಾರ್ಚ್ 13ರಂದು ಅವರನ್ನು ಅಧಿಕಾರದಿಂದ ಕಿತ್ತುಹಾಕಲಾಯಿತು. ಹದಿನಾರು ವರ್ಷ ಆಳಿದ ನಗರದಲ್ಲಿ ಅವರಿಗೆ ನಿಲ್ಲಲು ನೆಲೆಯಿಲ್ಲದಂತಾಯಿತು. ಶಾಲಾ ದಿನಗಳ ಗೆಳೆಯ ಮಠಾಧಿಪತಿಯಾಗಿದ್ದ ಮರಿಯಾ ಲಾಕ್ ಮಠದಲ್ಲಿ ತಿಂಗಳುಗಟ್ಟಲೆ ಆಶ್ರಯ ಪಡೆದರು. ಮುಂದೆ ಬಾನ್ ಸಮೀಪದ ರೋನ್‌ಡಾರ್ಫ್ ಹಳ್ಳಿಯಲ್ಲಿ ಮನೆ ಕಟ್ಟಿಕೊಂಡು, ಗುಲಾಬಿ ಗಿಡಗಳ ಆರೈಕೆಯಲ್ಲಿ ಕಾಲ ಕಳೆದರು.

1944ರಲ್ಲಿ ಹಿಟ್ಲರ್ ಹತ್ಯೆಯ ಯತ್ನ ವಿಫಲವಾದ ನಂತರ ನಡೆದ ಸಾಮೂಹಿಕ ಬಂಧನಗಳಲ್ಲಿ ಅಡೆನಾವರ್ ಕೂಡ ಸೆರೆಯಾದರು. ಅವರನ್ನು ಕೂಡಿಹಾಕಿದ್ದು ಅವರೇ ಕಟ್ಟಿಸಿದ್ದ ವಸ್ತುಪ್ರದರ್ಶನ ಕೇಂದ್ರದ ಆವರಣದಲ್ಲಿ. ಅನಾರೋಗ್ಯದ ನೆಪದಲ್ಲಿ ಆಸ್ಪತ್ರೆ ಸೇರಿ ಅಲ್ಲಿಂದ ತಪ್ಪಿಸಿಕೊಂಡರೂ ಮತ್ತೆ ಸಿಕ್ಕಿಬಿದ್ದರು. 1919ರಲ್ಲಿ ಅವರ ಕೈಹಿಡಿದಿದ್ದ ಎರಡನೇ ಪತ್ನಿ ಗುಸ್ಸಿ ಅವರನ್ನೂ ಗೆಸ್ಟಾಪೊ ಬಂಧಿಸಿ ಹಿಂಸಿಸಿತು. ಆ ಆಘಾತದಿಂದ ಆಕೆ ಮತ್ತೆ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ನವೆಂಬರ್ ಅಂತ್ಯದಲ್ಲಿ ಅಡೆನಾವರ್ ಬಿಡುಗಡೆಯಾದರು.

ಮರ ಕಡಿಯಲೊಪ್ಪದ ಮೇಯರ್

1945ರ ಮಾರ್ಚ್ 6ರಂದು ಅಮೆರಿಕನ್ ಸೇನೆ ಕಲೋನ್ ಪ್ರವೇಶಿಸಿದಾಗ ಕಂಡದ್ದು ಅವಶೇಷಗಳ ರಾಶಿ. ಬಾಂಬ್ ದಾಳಿಗಳಿಂದ ಹಳೆಯ ನಗರ ಬಹುತೇಕ ನೆಲಸಮವಾಗಿತ್ತು. ಯುದ್ಧಕ್ಕೆ ಮುನ್ನ ಏಳು ಲಕ್ಷಕ್ಕೂ ಹೆಚ್ಚು ಜನರಿದ್ದ ಊರಿನ ಎಡದಂಡೆಯಲ್ಲಿ ಉಳಿದಿದ್ದವರು ಹತ್ತಾರು ಸಾವಿರ ಮಂದಿ ಮಾತ್ರ. ಅಮೆರಿಕನ್ನರು 69 ವರ್ಷದ ಅಡೆನಾವರ್ ಅವರನ್ನು ಹುಡುಕಿಸಿ, ಮೇ ತಿಂಗಳಲ್ಲಿ ಮತ್ತೆ ಮೇಯರ್ ಸ್ಥಾನದಲ್ಲಿ ಕೂರಿಸಿದರು. ಜೂನ್‌ನಲ್ಲಿ ನಗರದ ಆಡಳಿತ ಬ್ರಿಟಿಷ್ ಸೇನೆಯ ಕೈಗೆ ಬಂತು.

ಚಳಿಗಾಲ ಸಮೀಪಿಸುತ್ತಿತ್ತು. ಊರಿಗೆ ಮರಳಿ ಬರುತ್ತಿದ್ದ ಜನರಿಗೆ ಸೂರಿಲ್ಲ, ಉರುವಲಿಲ್ಲ. ಹಸಿರು ಪಟ್ಟಿ ಮತ್ತು ವರ್ತುಲ ರಸ್ತೆಗಳ ಮರಗಳನ್ನು ಕಡಿದು ಸೌದೆ ಮಾಡುವಂತೆ ಬ್ರಿಟಿಷ್ ಅಧಿಕಾರಿಗಳು ಸೂಚಿಸಿದರು. ಅಡೆನಾವರ್ ನಿರಾಕರಿಸಿದರು. ಹಸಿ ಮರದಿಂದ ದೊರಕುವ ಶಾಖ ಅತ್ಯಲ್ಪ, ಆದರೆ ಕಡಿದ ಮರ ಮತ್ತೆ ಬೆಳೆಯಲು ದಶಕಗಳೇ ಬೇಕು ಎಂಬುದು ಅವರ ವಾದ. ಸೇನೆ ವಶಪಡಿಸಿಕೊಂಡಿದ್ದ ಕಲ್ಲಿದ್ದಲನ್ನು ಜನರಿಗೆ ಹಂಚಿದರೆ ಮರ ಕಡಿಯುವ ಅಗತ್ಯವೇ ಬೀಳದೆಂದು ಅವರು ಪಟ್ಟುಹಿಡಿದರು.

ಈ ನಿಲುವನ್ನು ತೂಗಿನೋಡುವುದು ಸುಲಭವಲ್ಲ. ಒಂದು ಕಡೆ ನಡುಗುವ ಮಕ್ಕಳು, ಇನ್ನೊಂದು ಕಡೆ ಇಪ್ಪತ್ತು ವರ್ಷದ ಮರಗಳು. ಚಳಿ ಎಷ್ಟು ಭೀಕರ ವಾಸ್ತವವಾಗಿತ್ತೆಂದರೆ, ಮರುವರ್ಷ, 1946ರ ಕೊನೆಯ ದಿನ, ಕಲೋನ್‌ನ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ತಮ್ಮ ಪ್ರವಚನದಲ್ಲಿ, ಪ್ರಾಣ ಉಳಿಸಿಕೊಳ್ಳಲು ಅನಿವಾರ್ಯವಾದುದನ್ನು ತೆಗೆದುಕೊಳ್ಳುವುದು ಕ್ಷಮ್ಯವೆಂಬ ಅರ್ಥದ ಮಾತನಾಡಬೇಕಾಯಿತು. ಜನ ಅದನ್ನು ಕಲ್ಲಿದ್ದಲು ಕದಿಯಲು ಸಿಕ್ಕ ಅನುಮತಿಯೆಂದೇ ಭಾವಿಸಿದರು. ಇಂಥ ಪರಿಸ್ಥಿತಿಯಲ್ಲೂ ಮೇಯರ್ ಎಣಿಸಿದ್ದು ಒಂದು ಚಳಿಗಾಲವನ್ನಲ್ಲ, ಮುಂದಿನ ನೂರು ಬೇಸಿಗೆಗಳನ್ನು.

1945ರ ಅಕ್ಟೋಬರ್ 6ರಂದು ಬ್ರಿಗೇಡಿಯರ್ ಜಾನ್ ಬ್ಯಾರಾಕ್ಲೋ ಅವರು ಅಡೆನಾವರ್ ಅವರನ್ನು ಕರೆಸಿ ವಜಾ ಆದೇಶ ಓದಿ ಹೇಳಿದರು. ಅವಶೇಷ ತೆರವು, ಕಟ್ಟಡಗಳ ದುರಸ್ತಿ ಹಾಗೂ ಚಳಿಗಾಲದ ಸಿದ್ಧತೆಯಲ್ಲಿ ಸಾಕಷ್ಟು ಉತ್ಸಾಹ ತೋರಲಿಲ್ಲವೆಂಬುದು ಆರೋಪ. ಮರಗಳ ವಿವಾದವೊಂದೇ ಕಾರಣವಾಗಿರಲಿಲ್ಲ. ಆಡಳಿತಗಾರರ ಮಾತಿಗೆ ಬಗ್ಗದ ವೃದ್ಧನ ಸ್ವತಂತ್ರ ರಾಜಕೀಯ ನಡೆಗಳೂ ಅವರ ಅಸಹನೆಗೆ ಗುರಿಯಾಗಿದ್ದವು. ರಾಜಕೀಯ ಚಟುವಟಿಕೆಯಿಂದ ದೂರವಿರುವಂತೆಯೂ, ಬೇಗನೆ ನಗರ ತೊರೆಯುವಂತೆಯೂ ಆಜ್ಞಾಪಿಸಲಾಯಿತು. ಕಲೋನ್‌ನ ಆಸ್ಪತ್ರೆಯಲ್ಲಿದ್ದ ಪತ್ನಿಯನ್ನು ಕಾಣಲು ಸಹ ವಿಶೇಷ ಅನುಮತಿ ಬೇಕಾಯಿತು. ಹೀಗೆ ನಾಜಿಗಳಿಂದ ಒಮ್ಮೆ, ನಾಜಿಗಳನ್ನು ಸೋಲಿಸಿದವರಿಂದ ಇನ್ನೊಮ್ಮೆ, ಅಡೆನಾವರ್ ಒಂದೇ ಹುದ್ದೆಯನ್ನು ಎರಡು ಬಾರಿ ಕಳೆದುಕೊಂಡರು.

ರಾಜಕೀಯ ನಿರ್ಬಂಧ ಕೆಲವೇ ವಾರಗಳಲ್ಲಿ ತೆರವಾಯಿತು. ನಗರದ ಹೊಣೆಯಿಂದ ಮುಕ್ತರಾದ ಅಡೆನಾವರ್ ಹೊಸ ಪಕ್ಷ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಕಟ್ಟುವಲ್ಲಿ ತೊಡಗಿಕೊಂಡರು. 1948ರಲ್ಲಿ ಗುಸ್ಸಿ ಕಣ್ಮುಚ್ಚಿದರು. 1949ರ ಸೆಪ್ಟೆಂಬರ್ 15ರಂದು, 73ನೇ ವಯಸ್ಸಿನಲ್ಲಿ, ಬೇಕಿದ್ದಷ್ಟೇ 202 ಮತಗಳನ್ನು ಪಡೆದು ಅಡೆನಾವರ್ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು. ಒಂದು ಮತ ಕಡಿಮೆಯಾಗಿದ್ದರೂ ಆ ಸುತ್ತಿನಲ್ಲಿ ಗೆಲುವಿರುತ್ತಿರಲಿಲ್ಲ. ಮುಂದಿನದು ಯುರೋಪಿನ ಇತಿಹಾಸ. 1967ರ ಏಪ್ರಿಲ್ 19ರಂದು, 91ನೇ ವಯಸ್ಸಿನಲ್ಲಿ, ರೋನ್‌ಡಾರ್ಫ್‌ನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಕಲೋನ್‌ನ ಮಹಾಚರ್ಚಿನಲ್ಲಿ ಪ್ರಾರ್ಥನೆಯ ಬಳಿಕ ಅವರ ಪಾರ್ಥಿವ ಶರೀರವನ್ನು ರೈನ್ ನದಿಯ ಮೇಲೆ ನೌಕೆಯಲ್ಲಿ ಕೊಂಡೊಯ್ದು ರೋನ್‌ಡಾರ್ಫ್‌ನ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು.

ಉಳಿದದ್ದು ಏನು?

ಯುದ್ಧಾನಂತರ ಕಲೋನ್ ತನ್ನ ಮುರಿದ ಮನೆಗಳ ಇಟ್ಟಿಗೆ ಕಲ್ಲುಗಳನ್ನು ಸುರಿದದ್ದು ಕೂಡ ಒಳ ಹಸಿರು ಪಟ್ಟಿಯಲ್ಲೇ. ಆ ರಾಶಿಗಳು ಮಣ್ಣು ಹೊದ್ದು, ಹುಲ್ಲು ಬೆಳೆದು ಗುಡ್ಡಗಳಾದವು. ಆಖೆನ್ ರಸ್ತೆಯ ಕೆರೆಯ ಬಳಿಯ ಅಂಥದೊಂದು ಗುಡ್ಡವಿರುವ ಉದ್ಯಾನಕ್ಕೆ 2004ರಲ್ಲಿ ಹಿರೋಶಿಮಾ-ನಾಗಾಸಾಕಿ ಉದ್ಯಾನವೆಂದು ಹೆಸರಿಡಲಾಯಿತು. ಕೋಟೆಯ ನೆಲದ ಮೇಲೆ ಉದ್ಯಾನ, ಉದ್ಯಾನದ ಮೇಲೆ ಯುದ್ಧದ ಅವಶೇಷ, ಅದರ ಮೇಲೆ ಮತ್ತೆ ಹುಲ್ಲು. ಸಂಜೆಯ ಹೊತ್ತು ಅಲ್ಲಿ ಕೂರುವ ವಿದ್ಯಾರ್ಥಿಗಳ ಕಾಲಡಿಯಲ್ಲಿ ಆ ನಗರದ ಎರಡು ಯುದ್ಧಗಳ ಚರಿತ್ರೆ ಮಲಗಿದೆ.

ಹಸಿರು ಪಟ್ಟಿಯ ಮೇಲಿನ ಒತ್ತಡ ಅಡೆನಾವರ್ ಅವರೊಂದಿಗೆ ಮುಗಿಯಲಿಲ್ಲ. ರಸ್ತೆಗಳು, ಕಟ್ಟಡಗಳು ಅಲ್ಲಲ್ಲಿ ಅದನ್ನು ಕಚ್ಚಿವೆ. ನಗರದ ಹೆಮ್ಮೆಯ ಫುಟ್‌ಬಾಲ್ ಕ್ಲಬ್ ಹೊರ ಪಟ್ಟಿಯಲ್ಲಿನ ತನ್ನ ತರಬೇತಿ ಕೇಂದ್ರವನ್ನು ವಿಸ್ತರಿಸಲು ಹೊರಟಾಗ ನಾಗರಿಕರ ಗುಂಪುಗಳು ವಿರೋಧಿಸಿ, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಪ್ರತಿ ಬೇಡಿಕೆಗೂ ಅದರದೇ ಆದ ಸಮರ್ಥನೆ ಇರುತ್ತದೆ. 1881ರಲ್ಲಿ ಸಾಲ ತೀರಿಸುವ ಅಗತ್ಯವಿತ್ತು, 1920ರಲ್ಲಿ ಮನೆಗಳ ಅಗತ್ಯವಿತ್ತು, 1945ರಲ್ಲಿ ಸೌದೆಯ ಅಗತ್ಯವಿತ್ತು. ಖಾಲಿ ನೆಲವನ್ನು ಬಳಸಿಕೊಳ್ಳಲು ಕಾರಣಗಳಿಗೆ ಯಾವ ಕಾಲದಲ್ಲೂ ಬರವಿರುವುದಿಲ್ಲ.

ಕೋಟೆ ಕೆಡವಲು ಮಿತ್ರರಾಷ್ಟ್ರಗಳ ಒಂದು ಆದೇಶ ಸಾಕಾಗಿತ್ತು. ಕೆಡವಿದ ಜಾಗವನ್ನು ಖಾಲಿ ಉಳಿಸಲು ಕಾಯ್ದೆ, ಹಣ, ಹಟ ಮತ್ತು ಕೊನೆಗೆ ಒಂದು ಅಧಿಕಾರದ ಕುರ್ಚಿ ಎಲ್ಲವೂ ಬೇಕಾದವು. ಮ್ಯೂಂಗರ್ಸ್‌ಡಾರ್ಫ್ ಕ್ರೀಡಾಂಗಣದ ಸಮೀಪ, ಮರಗಳ ನಡುವಿನ ಕೆರೆಯೊಂದಕ್ಕೆ ಕಲೋನ್ ಅಡೆನಾವರ್ ಅವರ ಹೆಸರಿಟ್ಟಿದೆ. ಚಾನ್ಸಲರ್ ಪದವಿ ಅವರಿಗೆ ಕೀರ್ತಿ ತಂದಿತು. ಆದರೆ ಆ ಕೆರೆಯ ದಂಡೆಯಲ್ಲಿ ನಡೆದಾಡುವ ಜನ ಅನುಭವಿಸುತ್ತಿರುವುದು ಒಬ್ಬ ಮೇಯರ್ ಬಿಟ್ಟುಹೋದ ಆಸ್ತಿಯನ್ನು.